ಅಮ್ಮ ರಾತ್ರಿ ಬೋರ್ಡಿನ ಸ್ವಿಚ್ಚೇ ಆರಿಸ್ತಾರೆ. ಈ ಮನೇಲಿ ರಾಸ್ಪ್‌ಬೆರಿ ಪೈ ಬದುಕುತ್ತಾ?

ಗೊಜ್ಜವಲಕ್ಕಿ, ಹನುಮಂತನಗರ

ಆಫೀಸಿನ ಯಾವುದೋ ಪ್ರಯೋಗಕ್ಕೆ ಅಂತ ಕೊಂಡ ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಕಂಪ್ಯೂಟರು, 4 ಜಿಬಿಯದು, ಎರಡು ವರ್ಷದಿಂದ ಡ್ರಾಯರಿನಲ್ಲಿ ರಬ್ಬರ್‌ಬ್ಯಾಂಡು, ಹಳೇ ಚಾರ್ಜರುಗಳ ಜೊತೆ ಮಲಗಿತ್ತು. ಹಬ್ಬಕ್ಕೆ ಮನೆ ಗುಡಿಸುವಾಗ ಅಮ್ಮ ಅದನ್ನ ಎತ್ತಿ ಹಿಡಿದು "ಇದು ಇಟ್ಕೊಳ್ಳೋದಾ, ಬಿಸಾಕೋದಾ?" ಅಂದರು. ಅದರ ಬೆಲೆ ಹೇಳೋಕೆ ಬಾಯಿ ಬರಲಿಲ್ಲ. ಅವರ ಟಿವಿಗೇ ಏನಾದರೂ ಮಾಡಿಕೊಡೋಣ ಅಂತ ಕೂತೆ.

ಬೇಕಾಗಿರೋದು ದೊಡ್ಡದೇನಲ್ಲ. ಮನೇಲಿ 23 ವಿಸಿಡಿ ಇವೆ: ಅಕ್ಕನ ಮದುವೆ, ನನ್ನ ಉಪನಯನ, ಅಜ್ಜನ ಶಾಂತಿ. ಹಾಕಿ ನೋಡೋಕೆ ಪ್ಲೇಯರೇ ಉಳಿದಿಲ್ಲ. ಅಪ್ಪ ಕ್ಯಾಸೆಟ್ಟಿಂದ ಕಂಪ್ಯೂಟರಿಗೆ ಇಳಿಸಿಟ್ಟ ತಾಳಮದ್ದಳೆ, ದಾಸರ ಪದಗಳು ಒಂದು ಹಾರ್ಡ್ ಡಿಸ್ಕಿನಲ್ಲಿವೆ. ಫೋಟೋಗಳಂತೂ ಸಾವಿರಾರು. ಇದೆಲ್ಲ 43 ಇಂಚಿನ ಫುಲ್ ಎಚ್‌ಡಿ ಟಿವಿಯಲ್ಲಿ, ಒಂದೇ ರಿಮೋಟಿನಲ್ಲಿ, ನಾನು ಊರಲ್ಲಿಲ್ಲದಾಗಲೂ ಅಮ್ಮನಿಗೆ ಸಿಗಬೇಕು. ಅವರಿಗೆ 68.

ಪೈಗೆ ಲಿಬ್ರೆಎಲೆಕ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಅರ್ಧ ಗಂಟೆಯೊಳಗೆ ವಿಡಿಯೊ, ಹಾಡು, ಫೋಟೋ ಎಲ್ಲ ತೋರಿಸೋ ಕೋಡಿ ಅನ್ನೋ ತಂತ್ರಾಂಶ ಪರದೆಗೆ ಬಂತು, ಬೀಗಿದೆ. ಹತ್ತನೇ ದಿನ ಪೆಟ್ಟಿಗೆ ಏಳಲೇ ಇಲ್ಲ. ಎಸ್‌ಡಿ ಕಾರ್ಡ್ ಅಳಿಸಿ ಹೊಸದಾಗಿ ಬರೆದೆ. ಈ ಸಲ ಎಂಟೇ ದಿನ. ಆಮೇಲೆ ಒಂದು ರಾತ್ರಿ ಹಾಲಿನಲ್ಲೇ ಕೂತಿದ್ದಾಗ ಕಾರಣ ಕಣ್ಣಿಗೆ ಬಿತ್ತು. ಒಂಬತ್ತೂವರೆಗೆ ವಾರ್ತೆ ಮುಗೀತಿದ್ದ ಹಾಗೆ ಅಮ್ಮ ಗ್ಯಾಸ್ ತಿರುಗಿಸಿ, ಗೇಟಿಗೆ ಬೀಗ ಹಾಕಿ, ಬಂದು ಟಿವಿ ಬೋರ್ಡಿನ ಸ್ವಿಚ್ಚು ಟಪ್ ಅಂತ ಆರಿಸ್ತಾರೆ. ಯಾವ ಕಾಲದಲ್ಲೋ ಸಿಡಿಲಿಗೆ ಪಕ್ಕದ ಮನೆ ಟಿವಿ ಸುಟ್ಟುಹೋಗಿತ್ತಂತೆ, ಅಲ್ಲಿಂದ ಶುರುವಾಗಿದ್ದು.

ಅಮ್ಮನ ಅಭ್ಯಾಸ ಬದಲಾಯಿಸೋ ಉಪಾಯ ದಯವಿಟ್ಟು ಹೇಳಬೇಡಿ. ನಲವತ್ತು ವರ್ಷ ಜೊತೆಗಿದ್ದ ಅಪ್ಪನಿಂದಲೇ ಆಗಿರಲಿಲ್ಲ.


ಎಸ್ಪಿರೋಡ್_ಅಲೆಮಾರಿ

ಸ್ವಿಚ್ಚಿನ ಮಾತು ಆಮೇಲೆ. ಮೊದಲು ಇದು ಹೇಳಿ, ಪೈಗೆ ಕರೆಂಟು ಯಾವುದರಿಂದ ಕೊಡ್ತಿದ್ದೀರ? ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಆಗಾಗ ಹಳದಿ ಮಿಂಚಿನ ಗುರುತು ಬಂದು ಹೋಗುತ್ತಾ?


ಗೊಜ್ಜವಲಕ್ಕಿ

ಬರುತ್ತೆ! ಕೋಡಿಯದೇ ಏನೋ ಅಲಂಕಾರ ಅಂದ್ಕೊಂಡಿದ್ದೆ. ಫೋನಿನ ಚಾರ್ಜರ್, 65 ವ್ಯಾಟಿಂದು. ಪೈಗೆ 15 ವ್ಯಾಟ್ ಸಾಕಲ್ವಾ?


ಎಸ್ಪಿರೋಡ್_ಅಲೆಮಾರಿ

ಅಲ್ಲೇ ಎಲ್ಲರೂ ಎಡವೋದು. ಆ ಚಾರ್ಜರ್ ಫೋನಿನ ಜೊತೆ ಮಾತಾಡಿಕೊಂಡು ವೋಲ್ಟೇಜ್ ಏರಿಸಿದಾಗ ಮಾತ್ರ 65. ಪೈ 4 ಆ ಮಾತುಕತೆಗೇ ಹೋಗಲ್ಲ, ಬರೀ 5 ವೋಲ್ಟ್ ತಗೊಳ್ಳುತ್ತೆ. 5 ವೋಲ್ಟಿನಲ್ಲಿ ಎಷ್ಟೋ ಚಾರ್ಜರುಗಳು 2 ಆಂಪಿಯರಿಗೇ ಕೈ ಎತ್ತುತ್ತವೆ. ಮೇಲಿಂದ ತೆಳ್ಳನೆ ಕೇಬಲ್ಲು ದಾರಿಯಲ್ಲೇ ಒಂದಿಷ್ಟು ತಿನ್ನುತ್ತೆ. ಪೈ ಮುಟ್ಟುವಷ್ಟರಲ್ಲಿ 4.63 ವೋಲ್ಟಿಗಿಂತ ಕೆಳಗೆ ಇಳಿದರೆ ನಿಮ್ಮ ಆ 'ಅಲಂಕಾರ' ಬರೋದು. ಪೈ ಕಂಪನಿಯ ಅಡಾಪ್ಟರ್ ನೋಡಿ: 5.1 ವೋಲ್ಟ್, 3 ಆಂಪಿಯರ್, ಕೇಬಲ್ಲು ಅದಕ್ಕೇ ಅಂಟಿಕೊಂಡಿರುತ್ತೆ. ಆ ಚಿಲ್ಲರೆ 0.1 ಇಟ್ಟಿರೋದೇ ಕೇಬಲ್ಲು ತಿನ್ನೋ ಪಾಲಿಗೆ.

ಹಾರ್ಡ್ ಡಿಸ್ಕು ಎರಡೂವರೆ ಇಂಚಿಂದಾ, ಬೇರೆ ಕರೆಂಟಿನ ವೈರ್ ಇಲ್ಲದ್ದು? ಪೈ 4ರ ನಾಲ್ಕೂ ಯುಎಸ್‌ಬಿ ಕಿಂಡಿಗೆ ಸೇರಿ ಸಿಗೋದು 1.2 ಆಂಪಿಯರ್. ತಟ್ಟೆ ತಿರುಗೋಕೆ ಶುರುವಾಗುವಾಗ ಡಿಸ್ಕು ಒಂದೇ ಸಲಕ್ಕೆ ಜಾಸ್ತಿ ಎಳೆಯುತ್ತೆ. ಚಾರ್ಜರೇ ಸೋತಿರುವಾಗ ಅದೂ ಸೇರಿದರೆ ಕಾರ್ಡಿನ ಮೇಲೆ ಬರೆಯೋದು ಅರ್ಧಕ್ಕೇ ನಿಲ್ಲುತ್ತೆ. ಪಾಪ, ಪೂರ್ತಿ ತಪ್ಪು ನಿಮ್ಮ ಅಮ್ಮನ ಮೇಲೆ ಹಾಕಬೇಡಿ.

ಅಡಾಪ್ಟರ್ ತರೋಕೆ ಎಸ್ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗೋದಾದರೆ ವಾರದ ದಿನ ಬೆಳಿಗ್ಗೆ ಹೋಗಿ. ಶನಿವಾರ ಸಂಜೆ ಹೋದರೆ ಅಂಗಡಿಯವನಿಗೂ ವ್ಯವಧಾನ ಇರಲ್ಲ, ನಿಮಗೆ ನಿಲ್ಲೋಕೂ ಜಾಗ ಇರಲ್ಲ. "ಪೈ ಅಡಾಪ್ಟರ್" ಅಂದರೆ ಮೂರು ಥರ ಮುಂದಿಡ್ತಾರೆ. ಅದರಲ್ಲಿ ಎರಡಕ್ಕೆ ಗಾಳಿಪಟದ ತೂಕ. ಅವೆರಡನ್ನ ಬಿಟ್ಟು ಮೂರನೇದು ತಗೊಳ್ಳಿ.


ಮೂರನೇ_ಮಹಡಿ

ಬೇಜಾರು ಮಾಡ್ಕೋಬೇಡಿ, ಆದರೆ ಇಷ್ಟೆಲ್ಲ ಯಾಕೆ? ಟಿವಿಗೆ ಚುಚ್ಚೋ ಸ್ಟಿಕ್ ಒಂದು ತಗೊಂಡರೆ ಮುಗೀತು. ನಾನೂ 2020ರಲ್ಲಿ ಲಾಕ್‌ಡೌನಿನ ಹುಮ್ಮಸ್ಸಿಗೆ ಪೈ ಕಟ್ಟಿದೆ. ಸಿನಿಮಾ ನೋಡಿದ್ದಕ್ಕಿಂತ ಸೆಟ್ಟಿಂಗ್ಸ್ ನೋಡಿದ್ದೇ ಜಾಸ್ತಿ. ಕೊನೆಗೆ ಹೆಂಡತಿ "ನಿಮ್ಮ ಪೈಯಲ್ಲಿ ನೆಟ್‌ಫ್ಲಿಕ್ಸ್ ಯಾಕೆ ಮಬ್ಬು ಬರುತ್ತೆ?" ಅಂತ ಕೇಳಿದ ದಿನ ಬಿಚ್ಚಿಟ್ಟೆ.


ಧಾರವಾಡ_ಗಿರಮಿಟ್

ನಿಮ್ಮ ಮನಿಯವರು ಕೇಳಿದ್ದು ಖರೇ ಅದರೀ. ದುಡ್ಡು ಕೊಟ್ಟು ನೋಡೋ ಒಟಿಟಿಗಳು ವೈಡ್‌ವೈನ್ ಅಂತ ಒಂದು ಬೀಗ ಹಾಕಿರ್ತಾವ. ಅದರಾಗ ಎಲ್1 ಅನ್ನೋ ದರ್ಜೆ ಇದ್ದ ಯಂತ್ರಕ್ಕ ಮಾತ್ರ ಛಂದ ಚಿತ್ರ ಬಿಡ್ತಾವ. ಪೈಗೆ ಆ ದರ್ಜೆ ಇಲ್ಲ, ಅದಕ್ಕ ಸಿಗೋದು ಎಲ್3. ನೀವು ಎಷ್ಟ ಗುದ್ದಾಡಿದರೂ ಮಬ್ಬು ಮಬ್ಬೇ. ಒಟಿಟಿ ಸಲುವಾಗಿ ಯಾರಾದ್ರೂ ಪೈ ತಗೊಳ್ಳಾಕ ಹೊಂಟಿದ್ರ ನಾನೂ ಬ್ಯಾಡ ಅಂತೀನಿ.

ಆದ್ರ ಗೊಜ್ಜವಲಕ್ಕಿಯವರು ಕೇಳಿದ್ದು ಅದಲ್ಲಲ್ರೀ. ಅವರ ಅಕ್ಕನ ಮದುವಿ ಯಾವ ಒಟಿಟಿಯಾಗ ಬರ್ತದ?


ಮೂರನೇ_ಮಹಡಿ

ಸರಿ ಸರಿ, ಒಪ್ಕೊಂಡೆ.


ಧಾರವಾಡ_ಗಿರಮಿಟ್

ಇನ್ನ ಕಾರ್ಡಿನ ಕಥಿ. ಲಿಬ್ರೆಎಲೆಕ್ ಕಾರ್ಡನ್ನ ಎರಡು ಭಾಗ ಮಾಡಿರ್ತದ. ಒಂದರಾಗ ಮೂಲ ವ್ಯವಸ್ಥಾ, ಅದನ್ನ ಗಟ್ಟಿ ಒತ್ತಿ ಕಟ್ಟಿಟ್ಟ ಗಂಟಿನಂಗ ಇಟ್ಟಿರ್ತಾರ, ದಿನಾ ನಡಿಯೋ ಮುಂದ ಅದರೊಳಗ ಏನೂ ಬರಿಯಂಗಿಲ್ಲ. ಇನ್ನೊಂದು ಸ್ಟೋರೇಜ್. ಕೋಡಿ ತನ್ನ ಲೆಕ್ಕಪತ್ರ, ಸಣ್ಣ ಚಿತ್ರಗಳು, ಎಲ್ಲಿ ತನಕ ನೋಡೀರಿ ಅನ್ನೋ ಗುರುತು, ಎಲ್ಲಾ ಅಲ್ಲೇ ಬರೀತದ. ಅಮ್ಮಾವರು ಟಪ್ ಅನಿಸಿದ ಕ್ಷಣಕ್ಕ ಕೋಡಿ ಏನರೆ ಬರಿಯಾಕತ್ತಿದ್ರ ಆ ಪುಟ ಹರೀತದ. ದಿನಾ ಹರಿಯಂಗಿಲ್ಲ. ಹತ್ತು ದಿನಕ್ಕೊಮ್ಮೆ ಸಿಕ್ಕಿ ಬೀಳ್ತದ, ನಿಮ್ಮ ಲೆಕ್ಕಕ್ಕ ಸರಿ ಹೊಂದ್ತದ ನೋಡ್ರಿ.

ಪೈ 4ನ್ನ ಕಾರ್ಡ್ ಇಲ್ಲದ ಯುಎಸ್‌ಬಿ ಎಸ್‌ಎಸ್‌ಡಿಯಿಂದನೂ ಎಬ್ಬಿಸಬಹುದು, ಬೂಟ್‌ಲೋಡರ್, ಅಂದ್ರ ಪೈನ ಎಬ್ಬಿಸೋ ಸಣ್ಣ ತಂತ್ರಾಂಶ, ಹೊಸದಿರಬೇಕಷ್ಟ. ಕಾರ್ಡಿಗಿಂತ ಗಟ್ಟಿ. ಆದ್ರ ಅದೂ ಸಂಜೀವಿನಿ ಏನಲ್ಲ. ಬರಿಯೋ ಮುಂದ ಕರೆಂಟ್ ಕಿತ್ತರ ಯಾವ ಡಿಸ್ಕಿಗೂ ತ್ರಾಸ ಆಗ್ತದ.


ಕಡಲತಡಿ, ಸದ್ಯಕ್ಕೆ ವಿಜಯನಗರ

ಮಾರಾಯ್ರೆ, ನೀವೆಲ್ಲ ಅಮ್ಮ ಸ್ವಿಚ್ ಆರಿಸುವುದನ್ನು ರೋಗ ಅಂತ ಹಿಡಿದು ಮದ್ದು ಹುಡುಕ್ತಾ ಇದ್ದೀರಿ. ಒಂದು ಪ್ರಶ್ನೆ ಯಾರೂ ಕೇಳ್ಲಿಲ್ಲ. ಅವರು ಬೋರ್ಡಿನ ಸ್ವಿಚ್ಚಿಗಿಂತ ಮೊದಲು ರಿಮೋಟಿನಿಂದ ಟಿವಿ ಆಫ್ ಮಾಡ್ತಾರಾ, ಇಲ್ವಾ?


ಗೊಜ್ಜವಲಕ್ಕಿ

ಮಾಡ್ತಾರೆ. ವಾರ್ತೆ ಮುಗಿದ ತಕ್ಷಣ ರಿಮೋಟಿಂದ. ಆಮೇಲೆ ಗ್ಯಾಸು, ಗೇಟು, ಕೊನೆಗೆ ಬೋರ್ಡು. ಮಧ್ಯೆ ನಾಲ್ಕೈದು ನಿಮಿಷ ಇರುತ್ತೆ.


ಕಡಲತಡಿ

ಹಾಗಾದ್ರೆ ನಿಮ್ಮ ಕೆಲಸ ಮುಕ್ಕಾಲು ಆಯ್ತು.

ಎಚ್‌ಡಿಎಂಐ ಕೇಬಲ್ಲಿನಲ್ಲಿ ಚಿತ್ರ, ಶಬ್ದ ಮಾತ್ರ ಅಲ್ಲ, ಸಿಇಸಿ ಅಂತ ಸಣ್ಣ ಒಂದು ಗುಟ್ಟಿನ ದಾರಿಯೂ ಉಂಟು, 13ನೇ ಪಿನ್ನಿನಲ್ಲಿ. ಟಿವಿಯೂ ಪೈಯೂ ಅದರಲ್ಲಿ ಮಾತಾಡಿಕೊಳ್ತವೆ. ಟಿವಿಯ ರಿಮೋಟಿನ ಬಾಣದ ಗುಂಡಿಯಲ್ಲೇ ಕೋಡಿ ಓಡುವುದು ಇದರಿಂದ. ಆದ್ರೆ ಟಿವಿ ಕಂಪನಿಗಳು ಸಿಇಸಿ ಅಂತ ಹೇಳುವುದಿಲ್ಲ, ಒಬ್ಬೊಬ್ಬರದ್ದು ಒಂದೊಂದು ನಾಮಕರಣ: ಸ್ಯಾಮ್‌ಸಂಗಿನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಟಿವಿಯ ಮೆನುವಿನಲ್ಲಿ ಹುಡುಕಿ ಆನ್ ಮಾಡಿ.

ಆಮೇಲೆ ಕೋಡಿಯಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಇನ್‌ಪುಟ್, ಪೆರಿಫೆರಲ್ಸ್, ಸಿಇಸಿ ಅಡಾಪ್ಟರ್. ಅಲ್ಲಿ 'ಟಿವಿ ಆಫ್ ಆದಾಗ ಏನು ಮಾಡಬೇಕು' ಅಂತ ಒಂದು ಸಾಲು ಉಂಟು. ಅದಕ್ಕೆ ಶಟ್‌ಡೌನ್ ಕೊಡಿ.

ಈಗ ನೋಡಿ. ಅಮ್ಮ ರಿಮೋಟಿನಿಂದ ಟಿವಿ ಆರಿಸ್ತಾರೆ. ಟಿವಿ 'ನಾನು ಮಲಗ್ತೇನೆ' ಅಂತ ಕೇಬಲ್ಲಿನಲ್ಲಿ ಹೇಳ್ತದೆ. ಪೈ ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತಿನಲ್ಲೇ ಮಲಗ್ತದೆ. ಅಮ್ಮ ಗ್ಯಾಸು, ಗೇಟು ಮುಗಿಸಿ ಬೋರ್ಡಿಗೆ ಬರುವಾಗ ಅದು ಸತ್ತ ಹಾಗೆ ಬಿದ್ದಿರ್ತದೆ. ಸ್ವಿಚ್ ಆರಿಸಿದ್ರೆ ಏನೂ ಆಗುವುದಿಲ್ಲ.

ಇನ್ನೂ ಚಂದದ್ದು ಬೆಳಿಗ್ಗೆ. ಪೈ 4ಕ್ಕೆ ಪವರ್ ಬಟನ್ ಇಲ್ಲ. ಒಮ್ಮೆ ಮಲಗಿದ್ರೆ ಟಿವಿ ಎಷ್ಟು ಕರೆದ್ರೂ ಏಳುವುದಿಲ್ಲ, ಕರೆಂಟ್ ತೆಗೆದು ಕೊಡಬೇಕು. ಸ್ವಿಚ್ ಆರಿಸದ ನಮ್ಮಂಥವರಿಗೆ ಅದೇ ದೊಡ್ಡ ತಲೆಬಿಸಿ. ನಿಮ್ಮ ಮನೆಯಲ್ಲಿ ಅಮ್ಮ ರಾತ್ರಿ ಆರಿಸ್ತಾರೆ, ಬೆಳಿಗ್ಗೆ ಹಾಕ್ತಾರೆ. ಪೈ ತಾನಾಗಿ ಎದ್ದು ಕೂರ್ತದೆ.


ಕಾಗುಣಿತ_ಕಾಕಾ

ಇದನ್ನ ಓದಿ ನಾನು ಮತ್ತು ನಮ್ಮ ಮನೆಯವರು ಇಬ್ಬರೂ ನಕ್ಕೆವು. ನಾನು ಇದೇ ಕೆಲಸಕ್ಕೆ ರಿಲೇ ಬೋರ್ಡು, ಟೈಮರು ಅಂತ ಬೆಸುಗೆ ಹಾಕಿಕೊಂಡು ಎರಡು ಭಾನುವಾರ ಹಾಳು ಮಾಡಿದ್ದೆ.


ಗೊಜ್ಜವಲಕ್ಕಿ

ಒಂದು ವಾರದ ವರದಿ. ಹೊಸ ಅಡಾಪ್ಟರ್ ಬಂತು, ಮಿಂಚು ಮಾಯ. ಸಿಇಸಿ ಮಾತ್ರ ಮೊದಲ ದಿನ ಜಪ್ಪಯ್ಯ ಅನ್ನಲಿಲ್ಲ. ಟಿವಿ ಸೆಟ್ಟಿಂಗು, ಕೋಡಿ ಸೆಟ್ಟಿಂಗು ಎಲ್ಲ ನೋಡಿದೆ. ಕೊನೆಗೆ ಕೇಬಲ್ ಬದಲಾಯಿಸೋಣ ಅಂತ ಕಿತ್ತಾಗ ಕಂಡಿದ್ದು, ಪೈಯ ಎರಡು ಮೈಕ್ರೊ ಎಚ್‌ಡಿಎಂಐ ಕಿಂಡಿಗಳಲ್ಲಿ ನಾನು ಎರಡನೇದಕ್ಕೆ ಚುಚ್ಚಿದ್ದೆ. ಕರೆಂಟಿನ ಕಿಂಡಿಗೆ ಹತ್ತಿರ ಇರೋದೇ ಮೊದಲನೇದು. ಅದಕ್ಕೆ ಹಾಕಿದ ಕೂಡಲೇ ಟಿವಿ ರಿಮೋಟಿಗೆ ಕೋಡಿ ಕುಣೀತು. ಒಂದು ಸಂಜೆ ಪೂರ್ತಿ ಹೋಯ್ತು, ಹೇಳೋಕೂ ನಾಚಿಕೆ.

ಏಳು ರಾತ್ರಿ ಅಮ್ಮ ಸ್ವಿಚ್ ಆರಿಸಿದ್ದಾರೆ, ಏಳು ಬೆಳಿಗ್ಗೆ ಎದ್ದಿದೆ.

ಇನ್ನೆರಡು ತೊಂದರೆ ಉಳಿದಿವೆ. ಒಂದು, ಕನ್ನಡದಲ್ಲಿ ಹೆಸರಿಟ್ಟ ಫೋಲ್ಡರುಗಳು ಬರೀ ಚೌಕಗಳಾಗಿ ಕಾಣ್ತವೆ. ಅಪ್ಪ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ತಾಳಮದ್ದಳೆ ಪಟ್ಟಿಯಂತೂ ಯಾವ ಲೋಕದ ಭಾಷೆಯೋ ಆಗಿದೆ. ಎರಡು, ವಿಸಿಡಿಗಳು ಅರ್ಧಂಬರ್ಧ ಕಾಪಿ ಆಗಿ ನಿಲ್ತಿವೆ.


ಕಾಗುಣಿತ_ಕಾಕಾ

ಅಕ್ಷರದ ವಿಷಯ ನನಗೆ ಬಿಡಿ, ಇದರಲ್ಲಿ ಹಣ್ಣಾಗಿದ್ದೇನೆ.

ಚೌಕ ಬಂತು ಅಂದರೆ ಕಡತದಲ್ಲಿ ಕನ್ನಡ ಸರಿಯಾಗೇ ಇದೆ, ತೋರಿಸೋ ಫಾಂಟಿನಲ್ಲಿ ಕನ್ನಡ ಇಲ್ಲ ಅಂತ ಅರ್ಥ. ಅಪ್ಪನ ಪಟ್ಟಿಯ ಕಥೆ ಬೇರೆ. 'ನುಡಿ', 'ಬರಹ' ತಂತ್ರಾಂಶಗಳ ಹಳೆ ಕಾಲದ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳ ಚಿತ್ರ ಕೂರಿಸಿದ್ದರು, ಅಷ್ಟೆ. ಆ ಫಾಂಟ್ ತೆಗೆದರೆ ವೇಷ ಕಳಚುತ್ತೆ. ಆಸ್ಕಿಯಿಂದ, ಅಂದರೆ ಆ ಹಳೇ ವೇಷದಿಂದ, ಕಂಪ್ಯೂಟರಿಗೂ ಕನ್ನಡ ಅಂತ ಗೊತ್ತಾಗೋ ಯುನಿಕೋಡಿಗೆ ಪರಿವರ್ತಿಸೋ ಉಪಕರಣದಲ್ಲಿ ಹಾಕಿ ತೆಗೆಯಿರಿ, ತೊಂಬತ್ತು ಪಾಲು ಸರಿ ಬರುತ್ತೆ. ಅರ್ಕಾವೊತ್ತು, ಒತ್ತಕ್ಷರ ಮಾತ್ರ ಒಂದೊಂದೇ ಕಣ್ಣಲ್ಲಿ ನೋಡಿ ತಿದ್ದಬೇಕು. ಅಪ್ಪ ಟೈಪ್ ಮಾಡಿದ್ದಲ್ವಾ, ಕೂತು ಮಾಡಿ.

ಪರದೆಯ ಚೌಕಕ್ಕೆ ಕೋಡಿಯ ಸ್ಕಿನ್ (ಪರದೆಯ ವಿನ್ಯಾಸ) ಸೆಟ್ಟಿಂಗಿನಲ್ಲಿ ಫಾಂಟ್ ಬದಲಾಯಿಸಿ ನೋಡಬಹುದು. ನಾನು ಅದಕ್ಕೂ ಹೋಗಲ್ಲ. ಪ್ರತಿ ಫೋಲ್ಡರಿನ ಒಳಗೆ 'ಫೋಲ್ಡರ್ ಡಾಟ್ ಜೆಪಿಜಿ' ಅನ್ನೋ ಹೆಸರಿನ, ಅಂದರೆ ಆ ಪದಗಳನ್ನ ಇಂಗ್ಲಿಷಿನಲ್ಲೇ ಬರೆದ, ಒಂದು ಚಿತ್ರ ಇಡಿ. ಕೋಡಿ ಅದನ್ನೇ ಮುಖಚಿತ್ರ ಮಾಡಿಕೊಳ್ಳುತ್ತೆ. ಅಕ್ಕನ ಮದುವೆಗೆ ಅಕ್ಕನ ಫೋಟೋ, ತಾಳಮದ್ದಳೆಗೆ ಚೆಂಡೆ ಮದ್ದಳೆ. ಚಿತ್ರದ ಮೇಲೆ ಹೆಸರನ್ನೂ ದಪ್ಪ ಕನ್ನಡದಲ್ಲಿ ಬರೆದುಬಿಡಿ. ಚಿತ್ರದೊಳಗಿನ ಒತ್ತಕ್ಷರವನ್ನ ಯಾವ ಫಾಂಟೂ ಕೆಡಿಸೋಕಾಗಲ್ಲ. ನಮ್ಮತ್ತೆ ಕನ್ನಡಕ ಇಲ್ಲದೇ ಹುಡುಕಿಕೊಳ್ತಾರೆ.

ಮುಂದೆ ಯಾವತ್ತಾದರೂ ಕನ್ನಡ ಸಬ್‌ಟೈಟಲ್ ಹಾಕೋದಾದರೆ ಕಡತವನ್ನ ಯುಟಿಎಫ್-8 ಅನ್ನೋ ಯುನಿಕೋಡ್ ರೂಪದಲ್ಲಿ ಉಳಿಸಿ, ನೋಟೊ ಸ್ಯಾನ್ಸ್ ಕನ್ನಡ ಫಾಂಟನ್ನ ಕೋಡಿಯ ಮೀಡಿಯಾ ಫೋಲ್ಡರಿನೊಳಗಿನ ಫಾಂಟ್ಸ್‌ನಲ್ಲಿ ಹಾಕಿ, ಸಬ್‌ಟೈಟಲ್ ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಿ.


ಎಸ್ಪಿರೋಡ್_ಅಲೆಮಾರಿ

ವಿಸಿಡಿ ನನಗೆ. ನ್ಯಾಷನಲ್ ಮಾರ್ಕೆಟಿನಲ್ಲಿ ವಿಸಿಡಿ ಹುಡುಕಿಕೊಂಡು ಅಲೆದ ತಲೆಮಾರು ನಮ್ಮದು.

ವಿಸಿಡಿ ಕಾಪಿ ಆಗೋಕೆ ಹಠ ಮಾಡೋದಕ್ಕೆ ಕಾರಣ ಇದೆ. ಮಾಮೂಲಿ ಡೇಟಾ ಸಿಡಿಯ ಸೆಕ್ಟರ್ ಅನ್ನೋ ಒಂದೊಂದು ತುಂಡಿನಲ್ಲಿ 2048 ಬೈಟು ಮಾಹಿತಿ, ಮಿಕ್ಕ ಜಾಗ ತಪ್ಪು ತಿದ್ದೋ ಲೆಕ್ಕಕ್ಕೆ. ವಿಸಿಡಿಯವರು ವಿಡಿಯೊ ಹಿಡಿಸೋಕೆ ಆ ಲೆಕ್ಕದ ಜಾಗಕ್ಕೂ ಕೈ ಹಾಕಿ 2324 ಬೈಟು ತುಂಬಿದರು. ಹಾಗಾಗಿ ಗೀರು ಬಿದ್ದಲ್ಲಿ ಸರಿಪಡಿಸಿಕೊಳ್ಳೋ ತ್ರಾಣ ಕಮ್ಮಿ. ಪ್ಲೇಯರಾದರೆ ಒಂದು ಕ್ಷಣ ಚೌಕಳಿ ತೋರಿಸಿ ಮುಂದೆ ಹೋಗ್ತಿತ್ತು. ಕಂಪ್ಯೂಟರು 'ಕಾಪಿ' ಅಂದಾಗ ಒಂದು ಬೈಟು ತಪ್ಪಿದರೂ ಮುಷ್ಕರ ಹೂಡುತ್ತೆ. ಎಳೆದು ಹಾಕೋದು ಬಿಡಿ. ವಿಎಲ್‌ಸಿ ಪ್ಲೇಯರ್ ತಂತ್ರಾಂಶದಲ್ಲಿ ಡಿಸ್ಕನ್ನ ತೆರೆದು ಅಲ್ಲಿಂದಲೇ ಕಡತವಾಗಿ ಉಳಿಸಿ, ಇಲ್ಲ ವಿಸಿಡಿಇಮೇಜರ್ ಅನ್ನೋ ತಂತ್ರಾಂಶದ ಜೊತೆ ಬರೋ ವಿಸಿಡಿಎಕ್ಸ್‌ರಿಪ್ ಬಳಸಿ. ಅವು ಕೆಟ್ಟ ಜಾಗ ದಾಟಿಕೊಂಡು ಹೋಗ್ತವೆ. ಡಿಸ್ಕ್ ಒರೆಸುವಾಗ ನಡುವಿಂದ ಅಂಚಿಗೆ ನೇರ, ಮೆತ್ತನೆ ಹತ್ತಿ ಬಟ್ಟೆ. ಸುತ್ತ ತಿರುಗಿಸಿ ಉಜ್ಜಬೇಡಿ. ಒಂದು ಡ್ರೈವಿನಲ್ಲಿ ಓದದ್ದು ಇನ್ನೊಂದರಲ್ಲಿ ಓದುತ್ತೆ, ಹಾಗಾಗಿ ಪರಿಚಯದವರ ಹಳೇ ಲ್ಯಾಪ್‌ಟಾಪುಗಳನ್ನೂ ಕೇಳಿ ನೋಡಿ.

ಬಂದ ಕಡತವನ್ನ ಹಾಗೇ ಇಡಿ. ಅದು ಎಂಪೆಗ್-1 ಅನ್ನೋ ಹಳೇ ವಿಡಿಯೊ ರೂಪ, ಚಿತ್ರದ ಅಳತೆ 352×288 ಚುಕ್ಕಿ. ಪೈ 4ಕ್ಕೆ ಸಾಸಿವೆ ಕಾಳು. 'ಎಚ್‌ಡಿಗೆ ಏರಿಸ್ತೀನಿ' ಅಂತ ಹೊರಟರೆ ಮದುಮಗಳ ಮುಖ ಮೇಣದ ಬೊಂಬೆ ಆಗುತ್ತೆ. ಯಾವುದಾದರೂ ಮದುವೆ ಡಿವಿಡಿಯಲ್ಲಿದ್ದರೆ ಅದು 720×576, ಸಾಲು ಬಿಟ್ಟು ಸಾಲು ಬರೆದ ಚಿತ್ರ. ಜನ ಓಡಾಡುವಾಗ ಬಾಚಣಿಗೆ ಹಲ್ಲಿನ ಥರ ಕಂಡರೆ ಕೋಡಿಯ ವಿಡಿಯೊ ಸೆಟ್ಟಿಂಗಿನಲ್ಲಿ ಡಿಇಂಟರ್ಲೇಸ್ ಹಾಕಿ.


ಹೊಸಬ_ಕೆಂಗೇರಿ

ಮಧ್ಯೆ ಬಾಯಿ ಹಾಕ್ತಿದ್ದೀನಿ. ನಾನು ಹೊಸದಾಗಿ ತಗೊಳ್ಳೋನು. ಪೈ 5 ಬಂದಿದೆಯಲ್ಲ, ಅದೇ ಒಳ್ಳೇದಲ್ವಾ?


ಧಾರವಾಡ_ಗಿರಮಿಟ್

ಜೋರ್ ಅದ, ಆದ್ರ ನಿಮ್ಮ ಕೆಲಸಕ್ಕ ಅಷ್ಟು ಜೋರ್ ಬೇಕೋ ಇಲ್ಲೋ ನೋಡ್ರಿ. 2023ರಾಗ ಬಂದದ್ದು. ಪವರ್ ಬಟನ್ ಅದ, ಗಡಿಯಾರಕ್ಕ ಬ್ಯಾಟರಿ ಹಚ್ಚೋ ಜಾಗ ಅದ. 4ಕ್ಕ ಗಡಿಯಾರನೇ ಇಲ್ಲ, ನೆಟ್ ಬರೂತನಕ ಅದಕ್ಕ ಇವತ್ತು ಯಾವ ದಿನ ಅಂತನೇ ಗೊತ್ತಿರಂಗಿಲ್ಲ. ತಮಾಷಿ ಅಂದ್ರ ಎಚ್.264 ಅನ್ನೋ ವಿಡಿಯೊ ರೂಪ ಬಿಡಿಸೋ ಯಂತ್ರಾಂಗ 4ರಾಗ ಇತ್ತು, 5ರಾಗ ತಗದಾರ. ಪ್ರೊಸೆಸರ್ ಗಟ್ಟಿ ಅದ, ತಾನೇ ಬಿಡಿಸ್ತದ, ಫುಲ್ ಎಚ್‌ಡಿಗೆ ಫರಕ ಕಾಣಂಗಿಲ್ಲ. ಅದರ ನಂತರದ ಎಚ್‌ಇವಿಸಿ ವಿಡಿಯೊ ಎರಡರಾಗೂ 4ಕೆ ತನಕ ನಡೀತದ. ಅಡಾಪ್ಟರ್ ಮಾತ್ರ 5 ವೋಲ್ಟ್ 5 ಆಂಪಿಯರಿಂದು ಬೇಕು. ಹಳೇ 3 ಆಂಪಿಯರಿಂದು ಹಚ್ಚಿದ್ರ ಯುಎಸ್‌ಬಿಗೆ 600 ಮಿಲಿಆಂಪಿಯರಷ್ಟ ಬಿಡ್ತದ, ನಿಮ್ಮ ಹಾರ್ಡ್ ಡಿಸ್ಕ್ ಉಸಿರು ಬಿಡ್ತದ. ಹೆಡ್‌ಫೋನ್ ಕಿಂಡಿನೂ ಇಲ್ಲ.


ಕಡಲತಡಿ

ಡಿಸ್ಕನ್ನು ನೀಲಿ ಯುಎಸ್‌ಬಿ 3 ಕಿಂಡಿಗೆ ಹಾಕಿದ ಮೇಲೆ ವೈಫೈ ಸುಸ್ತಾದ್ರೆ ಗಾಬರಿ ಬೇಡ. ಆ ಕಿಂಡಿಯ ಗದ್ದಲ 2.4 ಗಿಗಾಹರ್ಟ್ಸ್‌ಗೆ ತಾಗ್ತದೆ. ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ, ಇಲ್ಲ ನೆಟ್ ಕೇಬಲ್ ಹಾಕಿ. ಮತ್ತೆ ಮನೆಗೆ ಇನ್ವರ್ಟರ್ ಇದ್ರೆ ಅದರ ಹಿಂದೆ ಯುಪಿಎಸ್ ಅಂತ ಸಣ್ಣ ಸ್ವಿಚ್ ಉಂಟಾ ನೋಡಿ. ಅದರಲ್ಲಿಟ್ರೆ ಕರೆಂಟ್ ಹೋದಾಗ ಬದಲಾಗುವುದು ಬೇಗ, ಪೈ ರೀಬೂಟ್ ಆಗುವುದಿಲ್ಲ.


ಗೊಜ್ಜವಲಕ್ಕಿ

ಒಂದೂವರೆ ತಿಂಗಳಾಯ್ತು. 23ರಲ್ಲಿ 21 ವಿಸಿಡಿ ಪೂರ್ತಿ ಬಂದವು, ಒಂದು ಅರ್ಧ ಬಂತು, ಒಂದು ಹೋಯ್ತು. ಹೋಗಿದ್ದು ನನ್ನ ಉಪನಯನದ ಎರಡನೇ ಭಾಗ, ಊಟದ ಪಂಕ್ತಿ. ಅಮ್ಮನಿಗೆ ಅದೊಂದೇ ಕೊರಗು, "ಅದರಲ್ಲೇ ಎಲ್ಲರೂ ಇದ್ದರು" ಅಂತಾರೆ. ಅಕ್ಕನ ಮದುವೆಯಲ್ಲಿ ವಿಡಿಯೊದವನು ಹೃದಯದ ಆಕಾರದಲ್ಲಿ ದೃಶ್ಯ ತೆರೆಸಿದ್ದಾನೆ, ಧಾರೆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಪುರೋಹಿತರ ಬೆನ್ನಿಗೆ ನಿಂತಿದೆ. ಆದರೂ ಮೂರು ಸಲ ನೋಡಿಯಾಯ್ತು. ಮೂರನೇ ಸಲ ಬೀದಿಯ ಅರ್ಧ ಜನ ಹಾಲಿನಲ್ಲಿದ್ದರು.

ಅಪ್ಪನ ಪಟ್ಟಿ ಪರಿವರ್ತಿಸಿ ತಿದ್ದಿದೆ. ಕಾಕಾ ಹೇಳಿದ ಹಾಗೆ ಕೂತೇ ಮಾಡಿದೆ. ಒಂದು ತಾಳಮದ್ದಳೆಯ ಮುಂದೆ ಆವರಣದಲ್ಲಿ 'ಮಳೆ ಸದ್ದು ಇದೆ, ಅಳಿಸಬಾರದು' ಅಂತ ಬರೆದಿದ್ದರು.

ಈಗ ಹೊಸ ದೂರು. ಮೊನ್ನೆ ರಾತ್ರಿ ನಾನು ಲೇಟಾಗಿ ಬಂದು ಮ್ಯಾಚ್ ನೋಡಿ, ರಿಮೋಟಿಂದ ಟಿವಿ ಆರಿಸಿ ಮಲಗಿದೆ. ಬೋರ್ಡಿನ ಸ್ವಿಚ್ಚು ಆರಿಸಲಿಲ್ಲ. ಬೆಳಗಿನ ಜಾವ ಮೂರಕ್ಕೆ ಕರೆಂಟು ಹೋಗಿ ಬಂತು. ಹಾಲಿನ ಪ್ಲಗ್ಗುಗಳು ಇನ್ವರ್ಟರ್ ಮೇಲಿಲ್ಲ. ಪೈ ತಾನೇ ಎದ್ದು ಟಿವಿಯನ್ನೂ ಎಬ್ಬಿಸಿತು. ಹಾಲೆಲ್ಲ ನೀಲಿ ಬೆಳಕು. ಅಮ್ಮ ಕಳ್ಳ ಬಂದ ಅಂತ ಕೂಗಿಕೊಂಡರು, ಕೆಳಗಿನ ಮನೆಯವರು ಟಾರ್ಚ್ ಹಿಡಿದು ಮೇಲೆ ಬಂದರು.


ಕಡಲತಡಿ

ಅದೇ ಸಿಇಸಿ ಅಡಾಪ್ಟರ್ ಪುಟದಲ್ಲಿ, ಕೋಡಿ ಶುರುವಾಗುವಾಗ ಯಾವ ಸಾಧನ ಎಬ್ಬಿಸಬೇಕು ಅಂತ ಕೇಳುವ ಸಾಲು ಉಂಟು. ಟಿವಿ ಅಂತ ಇದ್ದದ್ದನ್ನು 'ಯಾವುದೂ ಬೇಡ' ಮಾಡಿ.


ಗೊಜ್ಜವಲಕ್ಕಿ

ಮಾಡಿದೆ, ಸರಿಹೋಯ್ತು. ಆದರೆ ಅಷ್ಟರಲ್ಲಿ ಅಮ್ಮ ತಮ್ಮದೇ ಪರಿಹಾರ ಮಾಡಿಬಿಟ್ಟಿದ್ದರು. ಬೋರ್ಡಿನ ಪಕ್ಕ ಕ್ಯಾಲೆಂಡರಿನ ಹಿಂಬದಿ ಹರಿದು ಅಂಟಿಸಿದ್ದಾರೆ: "ಕೊನೆಗೆ ನೋಡಿದವರು ಸ್ವಿಚ್ ಆರಿಸಬೇಕು." ಕೆಳಗೆ ಬ್ರಾಕೆಟ್ಟಿನಲ್ಲಿ ನನ್ನ ಹೆಸರು.